ಕೆಟ್ಟ ಸುದ್ದಿ ಮೇಲೇರುವ ದಾರಿ

ಕಚೇರಿಗಳ ಮಾಹಿತಿ ಭದ್ರತೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ಸಂಗತಿಗಳಲ್ಲೇ ಮುಗಿದುಹೋಗುತ್ತದೆ: ಒಂದು, ಹಣ ತೆತ್ತು ತಂದ ಸಲಕರಣೆ ಮತ್ತು ತಂತ್ರಾಂಶ, ಇನ್ನೊಂದು, ಸಿಬ್ಬಂದಿ ಪಾಲಿಸಬೇಕಾದ ನಿಯಮಗಳ ಸುತ್ತೋಲೆ. ಈ ಎರಡೂ ಅಗತ್ಯವೇ ಆದರೂ, ಕಳೆದ ಒಂದೂವರೆ ದಶಕದ ದೊಡ್ಡ ಸೈಬರ್ ದಾಳಿಗಳ ತನಿಖಾ ವಿವರಗಳನ್ನು ಸಾಲಾಗಿ ಇಟ್ಟು ನೋಡಿದರೆ ಮತ್ತೆ ಮತ್ತೆ ಎದ್ದು ಕಾಣುವುದು ಬೇರೆಯೇ ಒಂದು ಅಂಶ. ಸಲಕರಣೆ ಇತ್ತು, ನಿಯಮವೂ ಇತ್ತು, ಏನೋ ಸರಿಯಿಲ್ಲವೆಂಬುದು ಕೆಳಹಂತದ ಯಾರಾದರೊಬ್ಬರ ಕಣ್ಣಿಗೆ ಬಿದ್ದೂ ಇತ್ತು. ಆದರೆ ಆ ಸುಳಿವು ತೀರ್ಮಾನ ಕೈಗೊಳ್ಳಬಲ್ಲವರ ಬಳಿಗೆ ಸಕಾಲದಲ್ಲಿ ತಲುಪಲಿಲ್ಲ, ತಲುಪಿದಾಗಲೂ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಸಂಸ್ಥೆಯ ಹಣ, ದಾಖಲೆ ಮತ್ತು ಯಂತ್ರಗಳನ್ನು ಕಾಪಾಡುವ ವಿಷಯದಲ್ಲಿ ಅಲ್ಲಿ ದುಡಿಯುವವರು ದಿನನಿತ್ಯ ಹೇಗೆ ನಡೆದುಕೊಳ್ಳುತ್ತಾರೆ, ಯಾವುದನ್ನು ಮಾಮೂಲಿ ಎಂದು ಬಗೆಯುತ್ತಾರೆ, ಯಾವುದನ್ನು ಹೇಳಲು ಅಂಜುತ್ತಾರೆ ಎಂಬ ಎಲ್ಲ ರೂಢಿಗಳ ಒಟ್ಟು ಮೊತ್ತವನ್ನು ತಜ್ಞರು ಭದ್ರತಾ ಸಂಸ್ಕೃತಿ ಎಂದು ಕರೆಯುತ್ತಾರೆ. ಈ ಸಂಸ್ಕೃತಿ ಗಟ್ಟಿಯಾಗಿದೆಯೋ ಟೊಳ್ಳಾಗಿದೆಯೋ ಎಂದು ತಿಳಿಯಲು ಅಲ್ಲಿನ ಸಿಬ್ಬಂದಿ ಎಷ್ಟು ಸಲ ತಪ್ಪು ಮಾಡುತ್ತಾರೆ ಎಂದು ಎಣಿಸಿದರೆ ಸಾಲದು, ಏಕೆಂದರೆ ಸಾವಿರ ಜನರಿರುವ ಕಡೆ ಒಬ್ಬರಾದರೂ ಎಡವುವುದು ಖಚಿತ. ತಪ್ಪೊಂದು ನಡೆದಾಗ, ಅಥವಾ ಅನುಮಾನವೊಂದು ಹುಟ್ಟಿದಾಗ, ಅದರ ಸುದ್ದಿ ಎಷ್ಟು ಬೇಗ, ಎಷ್ಟು ನಿರ್ಭಯವಾಗಿ ಮೇಲಕ್ಕೆ ಸಾಗುತ್ತದೆ ಮತ್ತು ಮೇಲಿರುವವರು ಅದನ್ನು ಹೇಗೆ ಸ್ವೀಕರಿಸುತ್ತಾರೆ ಎಂಬುದೇ ಇಲ್ಲಿ ನಂಬಲರ್ಹ ಅಳತೆಗೋಲು.

ಅಪಘಾತಗಳು ಕಲಿಸಿದ ಪಾಠ

ಈ ವಿಚಾರ ಹುಟ್ಟಿದ್ದು ಕಂಪ್ಯೂಟರ್ ಲೋಕದಲ್ಲಲ್ಲ, ಅಣುಸ್ಥಾವರ ಮತ್ತು ವಿಮಾನಯಾನದ ದುರಂತಗಳ ಅಧ್ಯಯನದಲ್ಲಿ. 1986ರ ಚೆರ್ನೋಬಿಲ್ ದುರಂತದ ನಂತರ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಲಹಾ ಮಂಡಳಿ ಸಿದ್ಧಪಡಿಸಿದ ವರದಿಯ ಮೂಲಕ ಸುರಕ್ಷತಾ ಸಂಸ್ಕೃತಿ ಎಂಬ ಪರಿಕಲ್ಪನೆ ಬಳಕೆಗೆ ಬಂದಿತು. ಯಂತ್ರದ ದೋಷ ಮತ್ತು ನಿರ್ವಾಹಕರ ತಪ್ಪುಗಳ ಹಿಂದೆ, ಆ ತಪ್ಪುಗಳನ್ನು ಸಹಜವೆಂದು ಒಪ್ಪಿಕೊಂಡಿದ್ದ ಇಡೀ ವ್ಯವಸ್ಥೆಯ ಮನೋಧರ್ಮವೂ ಕಾರಣವಾಗಿತ್ತೆಂಬುದು ಅದರ ತಿರುಳು.

ವಿಮಾನಯಾನ ಕ್ಷೇತ್ರಕ್ಕೆ ಇದೇ ಪಾಠ ಇನ್ನೂ ಮುಂಚೆ, ಇನ್ನೂ ಸ್ಪಷ್ಟವಾಗಿ ಸಿಕ್ಕಿತ್ತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಟ್ರಾನ್ಸ್ ವರ್ಲ್ಡ್ ಏರ್‌ಲೈನ್ಸ್ ಸಂಸ್ಥೆಯ 514ನೇ ಸಂಖ್ಯೆಯ ವಿಮಾನ, ನಿಯಂತ್ರಣ ಕೇಂದ್ರದ ಅನುಮತಿಯನ್ನು ಪೈಲಟ್‌ಗಳು ತಪ್ಪಾಗಿ ಅರ್ಥೈಸಿಕೊಂಡು ಬೇಗನೆ ಕೆಳಗಿಳಿದದ್ದರಿಂದ ವರ್ಜೀನಿಯಾದ ಬೆಟ್ಟಕ್ಕೆ ಅಪ್ಪಳಿಸಿ 92 ಜನ ಸತ್ತರು. ಸುಮಾರು ಆರು ವಾರಗಳ ಹಿಂದೆ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಅದೇ ಜಾಗದಲ್ಲಿ, ಅದೇ ತಪ್ಪು ಗ್ರಹಿಕೆಯಿಂದ ಕೂದಲೆಳೆಯ ಅಂತರದಲ್ಲಿ ಪಾರಾಗಿತ್ತು ಮತ್ತು ಆ ಸಂಸ್ಥೆ ತನ್ನ ಪೈಲಟ್‌ಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು ಎಂಬುದು ತನಿಖೆಯಲ್ಲಿ ಹೊರಬಿದ್ದಿತು. ಒಂದು ಸಂಸ್ಥೆಗೆ ತಿಳಿದದ್ದು ಇನ್ನೊಂದಕ್ಕೆ ತಲುಪುವ ದಾರಿಯೇ ಇರಲಿಲ್ಲ.

ಅದರ ಫಲವಾಗಿ 1976ರಲ್ಲಿ ಅಮೆರಿಕದಲ್ಲಿ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆ ಆರಂಭವಾಯಿತು. ಪೈಲಟ್, ನಿಯಂತ್ರಕ, ದುರಸ್ತಿ ಸಿಬ್ಬಂದಿ ಹೀಗೆ ಯಾರೇ ಆಗಲಿ ತಾವು ಮಾಡಿದ ಅಥವಾ ಕಂಡ ತಪ್ಪನ್ನು ಅದಕ್ಕೆ ತಿಳಿಸಬಹುದು. ವರದಿಗಳನ್ನು ಪಡೆಯುವುದು ದಂಡ ವಿಧಿಸುವ ಅಧಿಕಾರವುಳ್ಳ ವಿಮಾನಯಾನ ಇಲಾಖೆಯ ಬದಲು ಬಾಹ್ಯಾಕಾಶ ಸಂಸ್ಥೆ ನಾಸಾ. ಅದು ವರದಿ ಮಾಡಿದವರ ಗುರುತನ್ನು ಅಳಿಸಿಹಾಕುತ್ತದೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು 10 ದಿನಗಳೊಳಗೆ ತಿಳಿಸಿದವರಿಗೆ ದಂಡನೆಯಿಂದ ಷರತ್ತುಬದ್ಧ ವಿನಾಯಿತಿಯೂ ಉಂಟು. ತಪ್ಪನ್ನು ಒಪ್ಪಿಕೊಳ್ಳುವುದರಿಂದ ಆಗುವ ನಷ್ಟಕ್ಕಿಂತ ಮುಚ್ಚಿಡುವುದರಿಂದ ಆಗುವ ನಷ್ಟವೇ ಹೆಚ್ಚು ಎನ್ನಿಸುವಂತೆ ಏರ್ಪಾಡು ಮಾಡಿದರೆ ಜನ ಮಾತಾಡುತ್ತಾರೆ ಎಂಬ ಸರಳ ತಿಳಿವಳಿಕೆಯೇ ಇದರ ಅಡಿಗಲ್ಲು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ರೀಸನ್ 1997ರ ತಮ್ಮ ಗ್ರಂಥದಲ್ಲಿ ಸುರಕ್ಷತಾ ಸಂಸ್ಕೃತಿಯನ್ನು ಅಂಗಾಂಗಗಳಾಗಿ ಬಿಡಿಸಿ ತೋರಿಸುವಾಗ, ತಪ್ಪನ್ನು ತಿಳಿಸುವ ರೂಢಿ, ತಿಳಿಸಿದವರಿಗೆ ನ್ಯಾಯ ಸಿಗುವ ಭರವಸೆ, ಪರಿಸ್ಥಿತಿಗೆ ತಕ್ಕಂತೆ ಅಧಿಕಾರವನ್ನು ಹಂಚಿಕೊಳ್ಳುವ ಗುಣ ಮತ್ತು ಪಾಠ ಕಲಿಯುವ ಮನಸ್ಸು ಇವುಗಳನ್ನು ಮುಖ್ಯವೆಂದು ಗುರುತಿಸಿದರು.

ಮಾಹಿತಿ ಭದ್ರತೆಗೆ ಈ ಪಾಠ ಹೊಂದುತ್ತದೆಯಾದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೆಟ್ಟಕ್ಕೆ ವಿಮಾನವನ್ನು ಕೆಡಹುವ ಉದ್ದೇಶವಿರುವುದಿಲ್ಲ. ಕಂಪ್ಯೂಟರ್ ಜಾಲಕ್ಕೆ ನುಗ್ಗಿದವನಿಗೆ ಉದ್ದೇಶವೂ ಇರುತ್ತದೆ, ತಾಳ್ಮೆಯೂ ಇರುತ್ತದೆ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ಹುಡುಕುವ ಜಾಣತನವೂ ಇರುತ್ತದೆ. ಆದಕಾರಣ ಇಲ್ಲಿ ಸುದ್ದಿ ಸಾಗುವ ವೇಗಕ್ಕೆ ಇನ್ನಷ್ಟು ಬೆಲೆ.

ಬೆಂಗಳೂರಿನಿಂದ ಹೋದ ಎಚ್ಚರಿಕೆ

ಅಮೆರಿಕದ ಚಿಲ್ಲರೆ ವ್ಯಾಪಾರ ಸಂಸ್ಥೆ ಟಾರ್ಗೆಟ್ 2013ರಲ್ಲಿ ಅನುಭವಿಸಿದ ದಾಳಿ ಈ ಮಾತಿಗೆ ಪಾಠದಂತಿರುವ ಉದಾಹರಣೆಯಾಗಿದ್ದು, ಅದರಲ್ಲಿ ಬೆಂಗಳೂರಿಗೂ ಒಂದು ಪಾತ್ರವಿತ್ತು. ಕಳ್ಳರು ಟಾರ್ಗೆಟ್‌ನ ಜಾಲವನ್ನು ನೇರವಾಗಿ ಭೇದಿಸಲಿಲ್ಲ; ಅದರ ಮಳಿಗೆಗಳಿಗೆ ಶೈತ್ಯೀಕರಣದ ಕೆಲಸ ಮಾಡಿಕೊಡುತ್ತಿದ್ದ ಪೆನ್ಸಿಲ್ವೇನಿಯಾದ ಸಣ್ಣ ಗುತ್ತಿಗೆ ಸಂಸ್ಥೆಯೊಂದರ ಪ್ರವೇಶ ವಿವರಗಳನ್ನು ಮೊದಲು ಕದ್ದು, ಆ ಮೂಲಕ ಒಳಗೆ ಬಂದರು. ನಂತರ ಬಿಲ್ ಮಾಡುವ ಯಂತ್ರಗಳಲ್ಲಿ, ಗ್ರಾಹಕರು ಕಾರ್ಡ್ ಉಜ್ಜಿದ ಕ್ಷಣದಲ್ಲಿ ಅದರ ವಿವರವನ್ನು ಯಂತ್ರದ ನೆನಪಿನಿಂದ ಹೆಕ್ಕಿಕೊಳ್ಳುವ ಕುತಂತ್ರಾಂಶವನ್ನು, ಅಂದರೆ ಹಾನಿ ಮಾಡಲೆಂದೇ ಬರೆದ ತಂತ್ರಾಂಶವನ್ನು, ನೆಲೆಗೊಳಿಸಿದರು.

ಸಂಸ್ಥೆ ಭದ್ರತೆಗೆ ಹಣ ಖರ್ಚು ಮಾಡಿರಲಿಲ್ಲವೆಂದು ಹೇಳುವಂತಿಲ್ಲ. ಕುತಂತ್ರಾಂಶ ಪತ್ತೆಹಚ್ಚಲು ಫೈರ್‌ಐ ಕಂಪನಿಯ ವ್ಯವಸ್ಥೆಯನ್ನು 16 ಲಕ್ಷ ಡಾಲರ್ ವೆಚ್ಚದಲ್ಲಿ ಅಳವಡಿಸಲಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾರ್ಡ್ ವ್ಯವಹಾರದ ಭದ್ರತಾ ಮಾನದಂಡಗಳಿಗೆ ಅನುಗುಣವಾಗಿದೆ ಎಂಬ ಪ್ರಮಾಣಪತ್ರವೂ ಸಿಕ್ಕಿತ್ತು. ನವೆಂಬರ್ 30ರಂದು ಆ ವ್ಯವಸ್ಥೆ ಎಚ್ಚರಿಕೆ ಕೊಟ್ಟಿತು, ಬೆಂಗಳೂರಿನಲ್ಲಿದ್ದ ಟಾರ್ಗೆಟ್‌ನ ಕಾವಲು ತಂಡ ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಭದ್ರತಾ ಕೇಂದ್ರಕ್ಕೆ ತಿಳಿಸಿತು ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚ್‌ನಲ್ಲಿ ವರದಿ ಮಾಡಿತು. ಕದ್ದ ಮಾಹಿತಿ ಆಗಿನ್ನೂ ಹೊರಗೆ ಸಾಗಿರಲಿಲ್ಲ. ಸಾಗಣೆ ಶುರುವಾದದ್ದು ಡಿಸೆಂಬರ್ 2ರಂದು, ಆ ದಿನವೂ ಇನ್ನೊಂದು ಎಚ್ಚರಿಕೆ ಬಂದಿತ್ತು. ಬಂದ ಸೂಚನೆಯನ್ನು ಪರಿಶೀಲಿಸಿ, ತಕ್ಷಣ ಕ್ರಮ ಬೇಕಿಲ್ಲವೆಂದು ತಂಡ ಆಗ ತೀರ್ಮಾನಿಸಿತ್ತು ಎಂಬುದು ಸಂಸ್ಥೆ ನಂತರ ಕೊಟ್ಟ ವಿವರಣೆ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯೇ ಸುದ್ದಿ ಮುಟ್ಟಿಸಿದ ಮೇಲೆ ಸಂಸ್ಥೆ ಎಚ್ಚೆತ್ತಿತು. ಅಷ್ಟರಲ್ಲಿ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳುವಾಗಿತ್ತು. 7 ಕೋಟಿ ಜನರ ವೈಯಕ್ತಿಕ ಮಾಹಿತಿಯೂ ಕಳ್ಳರ ಪಾಲಾಗಿತ್ತೆಂದು ಮುಂದೆ ತಿಳಿಯಿತು. 2014ರ ಮೇ ತಿಂಗಳಲ್ಲಿ ಸಂಸ್ಥೆಯ ಮುಖ್ಯಸ್ಥ ಗ್ರೆಗ್ ಸ್ಟೈನ್‌ಹಾಫೆಲ್ ಹುದ್ದೆ ಬಿಟ್ಟರು.

ದಿನಕ್ಕೆ ನೂರಾರು ಎಚ್ಚರಿಕೆಗಳು ಬಂದು ಬೀಳುವ ಕೇಂದ್ರದಲ್ಲಿ ಒಂದನ್ನು ಬದಿಗಿಟ್ಟದ್ದನ್ನು ಮನುಷ್ಯ ಸಹಜ ಲೋಪವೆಂದು ಅರ್ಥಮಾಡಿಕೊಳ್ಳಬಹುದು. ಸಾಂಸ್ಥಿಕವಾದ ಪ್ರಶ್ನೆ ಬೇರೆಯೇ ಇದೆ. ಕೆಲಸ ಹಂಚಿಕೊಂಡ ಎರಡು ನಗರಗಳ ಪೈಕಿ ಒಂದು ನೋಡುವುದಕ್ಕಷ್ಟೇ, ಇನ್ನೊಂದು ತೀರ್ಮಾನಿಸುವುದಕ್ಕೆ ಎಂಬ ವಿಂಗಡಣೆಯಿದ್ದಾಗ, ನೋಡಿದವರಿಗೆ ಉತ್ತರ ಬಾರದಿದ್ದರೆ ಮತ್ತೆ ಕೇಳುವ ಹಕ್ಕು, ಅಲ್ಲೂ ಸ್ಪಂದನೆ ಇಲ್ಲದಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹೋಗುವ ಹಕ್ಕು ಇರಬೇಕಾಗುತ್ತದೆ. ಜಗತ್ತಿನ ನೂರಾರು ಕಂಪನಿಗಳ ರಾತ್ರಿ ಕಾವಲು ನಡೆಯುವುದು ಬೆಂಗಳೂರಿನ ಕಚೇರಿಗಳಿಂದಲೇ ಆಗಿರುವುದರಿಂದ ಈ ಪ್ರಶ್ನೆ ಕರ್ನಾಟಕದ ಸಾವಿರಾರು ತಂತ್ರಜ್ಞರ ದಿನನಿತ್ಯದ ಕೆಲಸಕ್ಕೆ ಸಂಬಂಧಿಸಿದ್ದು.

ಎರಡು ಬ್ಯಾಂಕುಗಳು, ಒಂದೇ ವರ್ಷ

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಜಾಲಕ್ಕೆ ನುಗ್ಗಿದ್ದ ಕಳ್ಳರು, ಬ್ಯಾಂಕುಗಳು ದೇಶ ದೇಶಗಳ ನಡುವೆ ಹಣ ಪಾವತಿಯ ಆದೇಶ ಕಳುಹಿಸಲು ಬಳಸುವ ಸ್ವಿಫ್ಟ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಆ ದೇಶದ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ಎತ್ತಲು 35 ನಕಲಿ ಆದೇಶಗಳನ್ನು ಕಳುಹಿಸಿದರು. ಒಂದು ವರ್ಷ ಮೊದಲು, ಉದ್ಯೋಗ ಬಯಸುವ ಅಭ್ಯರ್ಥಿಯ ಸೋಗಿನಲ್ಲಿ ಬಂದ ಇಮೇಲ್‌ಗಳೇ ಈ ನುಸುಳುವಿಕೆಗೆ ದಾರಿಮಾಡಿದ್ದವು; ನಂಬಿಸಿ ಲಿಂಕ್ ಒತ್ತಿಸುವ ಅಥವಾ ಕಡತ ತೆರೆಸುವ ಈ ವಂಚನೆಗೆ ಫಿಶಿಂಗ್ ಎಂದು ಹೆಸರು. ಗುರುವಾರ ರಾತ್ರಿ ಆದೇಶ ಹೊರಟಿತು, ಶುಕ್ರವಾರ ಢಾಕಾದಲ್ಲಿ ವಾರದ ರಜೆ, ಶನಿವಾರ ಮತ್ತು ಭಾನುವಾರ ನ್ಯೂಯಾರ್ಕಿನಲ್ಲಿ ರಜೆ, ಸೋಮವಾರ ಹಣ ತಲುಪಬೇಕಿದ್ದ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸವರ್ಷದ ರಜೆ: ಸುದ್ದಿ ಸಾಗುವ ದಾರಿಯನ್ನೇ ಕಳ್ಳರು ಲೆಕ್ಕ ಹಾಕಿ ಮುಚ್ಚಿದ್ದರು.

ಸ್ವಿಫ್ಟ್ ಸಂದೇಶಗಳನ್ನು ತಾನಾಗಿಯೇ ಮುದ್ರಿಸಬೇಕಿದ್ದ ಪ್ರಿಂಟರ್ ಶುಕ್ರವಾರ ಬೆಳಗ್ಗೆ ಕೆಲಸ ಮಾಡುತ್ತಿರಲಿಲ್ಲ. ಅಂಥ ತೊಂದರೆ ಹಿಂದೆಯೂ ಆಗಿದ್ದುದರಿಂದ ಸಿಬ್ಬಂದಿ ಅದನ್ನು ಮಾಮೂಲಿ ದೋಷವೆಂದೇ ಭಾವಿಸಿದರು. ಅದನ್ನು ಸರಿಪಡಿಸಿ, ನ್ಯೂಯಾರ್ಕಿನಿಂದ ಬಂದಿದ್ದ ವಿಚಾರಣೆಗಳನ್ನು ಓದಿ, ಗಾಬರಿಯಿಂದ ಸಂಪರ್ಕಿಸಲು ಹೊರಡುವಷ್ಟರಲ್ಲಿ ಅತ್ತ ಕಚೇರಿಗಳು ಮುಚ್ಚಿದ್ದವು. ಕೊನೆಗೆ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ನ ಬ್ಯಾಂಕೊಂದರ ಖಾತೆಗಳಿಗೆ ಸೇರಿ, ಬಹುಪಾಲು ಜೂಜುಕೇಂದ್ರಗಳ ಮೂಲಕ ಕರಗಿಹೋಯಿತು. ಆದರೆ ಶ್ರೀಲಂಕಾದ ಸಂಸ್ಥೆಯೊಂದರ ಹೆಸರಿಗೆ ಹೊರಟಿದ್ದ 2 ಕೋಟಿ ಡಾಲರ್ ಕಳ್ಳರ ಕೈ ಸೇರಲಿಲ್ಲ. ಫೌಂಡೇಶನ್ ಎಂಬ ಪದದ ಕಾಗುಣಿತ ತಪ್ಪಾಗಿದ್ದುದನ್ನು ನಡುವಣ ಬ್ಯಾಂಕಿನವರು ಗಮನಿಸಿ ಸ್ಪಷ್ಟೀಕರಣ ಕೇಳಿದ್ದೇ ಅದಕ್ಕೆ ನೆರವಾಯಿತು.

ಅದೇ ವರ್ಷದ ಜುಲೈನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದ ಮೇಲೂ ಹೆಚ್ಚುಕಡಿಮೆ ಇದೇ ಬಗೆಯ ದಾಳಿ ನಡೆಯಿತು. ರಿಸರ್ವ್ ಬ್ಯಾಂಕಿನದೆಂದು ತೋರುವಂತಿದ್ದ ಇಮೇಲಿನ ಮೂಲಕ ಒಳಹೊಕ್ಕವರು 17.1 ಕೋಟಿ ಡಾಲರ್ ಮೊತ್ತದ ಆದೇಶಗಳನ್ನು ಹೊರದೇಶಗಳ ಖಾತೆಗಳಿಗೆ ಕಳುಹಿಸಿದ್ದರು. ಇಲ್ಲಿಯೂ ಸಿಬ್ಬಂದಿಯೊಬ್ಬರು ಮೋಸದ ಕಡತವನ್ನು ತೆರೆದಿದ್ದರು, ಇಲ್ಲಿಯೂ ಕಳ್ಳರು ವ್ಯವಸ್ಥೆಯ ಹೃದಯದವರೆಗೆ ತಲುಪಿದ್ದರು. ಆದರೆ ವಿದೇಶಿ ಬ್ಯಾಂಕುಗಳಲ್ಲಿರುವ ತಮ್ಮ ಖಾತೆಯ ಲೆಕ್ಕವನ್ನು ಪುಸ್ತಕದ ಲೆಕ್ಕದೊಂದಿಗೆ ತಾಳೆ ನೋಡುವ ದೈನಂದಿನ ಕೆಲಸದಲ್ಲಿ ವ್ಯತ್ಯಾಸ ಕಂಡುಬಂದಿತು, ಆ ವ್ಯತ್ಯಾಸವನ್ನು ಯಾರೂ ನಾಳೆಗೆಂದು ಎತ್ತಿಡಲಿಲ್ಲ, ತಕ್ಷಣವೇ ಸಂಬಂಧಪಟ್ಟ ಬ್ಯಾಂಕುಗಳನ್ನು ಸಂಪರ್ಕಿಸಲಾಯಿತು ಮತ್ತು ಅಷ್ಟೂ ಹಣವನ್ನು ಹಿಂದಕ್ಕೆ ಪಡೆಯಲಾಯಿತು. ಎರಡು ಬ್ಯಾಂಕುಗಳ ಸಿಬ್ಬಂದಿಯ ನಡುವೆ ಬುದ್ಧಿಯಲ್ಲಾಗಲಿ ನಿಷ್ಠೆಯಲ್ಲಾಗಲಿ ದೊಡ್ಡ ಅಂತರ ಹುಡುಕಬೇಕಿಲ್ಲ. ಒಂದೆಡೆ ಅಸಹಜವಾದದ್ದು ಮಾಮೂಲಿಯಾಗಿತ್ತು, ಇನ್ನೊಂದೆಡೆ ಅಸಹಜವಾದದ್ದು ಅಸಹಜವಾಗಿಯೇ ಕಂಡಿತು.

ದೂರುವ ಚಟದ ಬೆಲೆ

ತಪ್ಪಿನ ಸುದ್ದಿ ಮೇಲೇರದಂತೆ ತಡೆಯುವ ಮೊದಲ ಗೋಡೆ ಭಯ. ಕ್ಲಿಕ್ ಮಾಡಬಾರದ ಲಿಂಕನ್ನು ಒತ್ತಿದ್ದೇನೆಂದು ಅರಿವಾದ ಗುಮಾಸ್ತನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಸಂಸ್ಥೆಗೆ ಏನಾದೀತು ಎಂಬುದಾಗಿರದೆ ತನಗೇನಾದೀತು ಎಂಬುದಾಗಿದ್ದರೆ, ಆತ ಕಂಪ್ಯೂಟರನ್ನು ಮುಚ್ಚಿ ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು. ಕಳ್ಳನಿಗೆ ಬೇಕಾದದ್ದೂ ಆ ಮೌನವೇ.

ಅಮೆರಿಕದ ಸಾಲ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್ 2017ರಲ್ಲಿ ಸುಮಾರು 14.7 ಕೋಟಿ ಜನರ ವಿವರಗಳನ್ನು ಕಳೆದುಕೊಂಡಾಗ, ಹುದ್ದೆ ತೊರೆದಿದ್ದ ಅದರ ಮುಖ್ಯಸ್ಥ ರಿಚರ್ಡ್ ಸ್ಮಿತ್ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ, ತಂತ್ರಾಂಶದ ದೋಷ ಸರಿಪಡಿಸುವಂತೆ ಬಂದ ಸೂಚನೆಯನ್ನು ಸಂಬಂಧಪಟ್ಟವರಿಗೆ ಮುಟ್ಟಿಸದ ಒಬ್ಬ ಸಿಬ್ಬಂದಿಯ ಲೋಪವನ್ನು ಕಾರಣಗಳಲ್ಲಿ ಒಂದೆಂದು ಹೇಳಿದರು. 2018ರ ಡಿಸೆಂಬರ್‌ನಲ್ಲಿ ಬಂದ ಸಂಸತ್ ಸಮಿತಿಯ ವರದಿ ಕೊಟ್ಟ ಚಿತ್ರ ಇದಕ್ಕಿಂತ ವಿಸ್ತಾರವಾದದ್ದು. ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು ಮತ್ತು ಭದ್ರತೆಯ ಮುಖ್ಯಸ್ಥರು ಬೇರೆ ಬೇರೆ ಅಧಿಕಾರಿಗಳಿಗೆ ಉತ್ತರದಾಯಿಗಳಾಗಿದ್ದು ಅವರ ನಡುವೆ ಹೊಣೆ ಹಂಚಿಹೋಗಿತ್ತು. ಜಾಲದ ಸಂಚಾರವನ್ನು ಪರಿಶೀಲಿಸುವ ಉಪಕರಣದ ಪ್ರಮಾಣಪತ್ರ ಅವಧಿ ಮುಗಿದು ತಿಂಗಳುಗಟ್ಟಲೆ ನಿಷ್ಕ್ರಿಯವಾಗಿತ್ತು. ದಾಳಿ ಸಂಪೂರ್ಣವಾಗಿ ತಡೆಯಬಹುದಾಗಿದ್ದಂಥದು ಎಂಬುದು ಸಮಿತಿಯ ನಿಲುವು. ಒಬ್ಬ ವ್ಯಕ್ತಿ ಒಂದು ಇಮೇಲನ್ನು ಮುಂದಕ್ಕೆ ಕಳುಹಿಸದಿದ್ದರೆ ಕೋಟ್ಯಂತರ ಜನರ ಮಾಹಿತಿ ಬಯಲಾಗುವಂತಿದ್ದರೆ, ದೋಷ ಇರುವುದು ಆ ಒಬ್ಬ ವ್ಯಕ್ತಿಯ ಮೇಲೆ ಅಷ್ಟು ಭಾರ ಹೇರಿದ ವ್ಯವಸ್ಥೆಯಲ್ಲಿ.

ಹಾಗೆಂದು ಯಾರನ್ನೂ ಯಾವುದಕ್ಕೂ ಹೊಣೆ ಮಾಡಬಾರದು ಎಂದಲ್ಲ. ರೀಸನ್ ವಿವರಿಸಿದ ನ್ಯಾಯಯುತ ಸಂಸ್ಕೃತಿ ಮೂರು ಬಗೆಯ ನಡವಳಿಕೆಗಳನ್ನು ಬೇರ್ಪಡಿಸುತ್ತದೆ: ಅಚಾತುರ್ಯದಿಂದಾದ ತಪ್ಪು, ಅಪಾಯ ಗೊತ್ತಿದ್ದೂ ತೋರಿದ ಉಡಾಫೆ, ಬೇಕೆಂದೇ ಎಸಗಿದ ದ್ರೋಹ. ಮೊದಲನೆಯದಕ್ಕೆ ಸಮಾಧಾನ ಮತ್ತು ವ್ಯವಸ್ಥೆಯ ದುರಸ್ತಿ, ಉಳಿದೆರಡಕ್ಕೆ ಅವುಗಳ ತೀವ್ರತೆಗೆ ತಕ್ಕ ಶಿಸ್ತುಕ್ರಮ. ಯಾವುದು ಯಾವ ಬಗೆಯದೆಂದು ತೂಗಿ ನೋಡಲು ಒಂದು ಸರಳ ಪರೀಕ್ಷೆಯೂ ಉಂಟು. ಅಷ್ಟೇ ಅನುಭವ ಮತ್ತು ಸದ್ಭಾವನೆಯುಳ್ಳ ಇನ್ನೊಬ್ಬ ಸಿಬ್ಬಂದಿಯನ್ನು ಅದೇ ಪರಿಸ್ಥಿತಿಯಲ್ಲಿ ನಿಲ್ಲಿಸಿದ್ದರೆ ಆತನೂ ಹೀಗೆಯೇ ಮಾಡುತ್ತಿದ್ದನೇ ಎಂದು ಕೇಳಿಕೊಂಡಾಗ ಉತ್ತರ ಹೌದೆಂದಾದರೆ, ವ್ಯಕ್ತಿಯನ್ನು ಬದಲಿಸಿ ಪ್ರಯೋಜನವಿಲ್ಲ, ಪರಿಸ್ಥಿತಿಯನ್ನು ಬದಲಿಸಬೇಕು.

ಕೆಲಸಕ್ಕೆ ಅಡ್ಡ ಬರುವ ನಿಯಮಗಳು

ಸುರಕ್ಷತೆಯ ನಿಯಮಗಳನ್ನು ಸಿಬ್ಬಂದಿ ಮುರಿಯುವುದು ಸೋಮಾರಿತನದಿಂದ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆ್ಯನ್ ಆ್ಯಡಮ್ಸ್ ಮತ್ತು ಏಂಜೆಲಾ ಸಾಸೆ 1999ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಹತ್ತಾರು ಪಾಸ್‌ವರ್ಡ್‌ಗಳನ್ನು ನೆನಪಿಡಬೇಕಾಗಿ ಬಂದವರು ಅವನ್ನು ಚೀಟಿಯಲ್ಲಿ ಬರೆದಿಡುವುದು ಅಸಡ್ಡೆಯಿಂದಲ್ಲ, ಮನುಷ್ಯರ ನೆನಪಿನ ಮಿತಿಯನ್ನೂ ಕೆಲಸದ ಒತ್ತಡವನ್ನೂ ಗಣನೆಗೆ ತೆಗೆದುಕೊಳ್ಳದ ನಿಯಮಗಳಿಂದ ಎಂದು ಅವರು ತೋರಿಸಿದರು. 2008ರಲ್ಲಿ ಸಾಸೆ ಮತ್ತು ಸಂಗಡಿಗರು ಈ ವಿಚಾರವನ್ನು ಮುಂದುವರಿಸಿ, ನಿಯಮ ಪಾಲನೆಗೆ ಪ್ರತಿಯೊಬ್ಬ ಸಿಬ್ಬಂದಿಯ ಬಳಿ ಇರುವ ಸಮಯ ಮತ್ತು ಸಹನೆ ತಿಂಗಳ ಸಂಬಳದಂತೆ ಮಿತವಾದದ್ದು, ಅದನ್ನು ಸಣ್ಣಪುಟ್ಟ ಕಿರಿಕಿರಿಗಳಿಗೆ ಖರ್ಚು ಮಾಡಿಸಿದರೆ ನಿಜವಾಗಿ ಬೇಕಾದ ಕಡೆ ಕೈ ಬರಿದಾಗಿರುತ್ತದೆ ಎಂಬ ವಾದವನ್ನು ಮಂಡಿಸಿದರು. ಕೆಲವು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕೆಂಬ ರೂಢಿಯನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲಿ ಕೈಬಿಟ್ಟು, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು ಎಂದದ್ದೂ ಇದೇ ತಿಳಿವಳಿಕೆಯ ಫಲ.

ಕರ್ನಾಟಕದ ಕಚೇರಿಗಳಲ್ಲಿ ಇದಕ್ಕೆ ಕಣ್ಣೆದುರೇ ಉದಾಹರಣೆಗಳಿವೆ. ಅಧಿಕಾರಿಯ ಡಿಜಿಟಲ್ ಸಹಿಯನ್ನು ಒಳಗೊಂಡ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಬೆರಳು ಗಾತ್ರದ ಸಾಧನ, ಅದರ ಪಿನ್ ಸಮೇತ ಕಂಪ್ಯೂಟರ್ ಆಪರೇಟರ್ ಕೈಯಲ್ಲಿರುವುದು ಅಪರೂಪವಲ್ಲ. ಅಧಿಕಾರಿ ಸಭೆಗೆ ತೆರಳಿರುತ್ತಾರೆ, ಸರ್ವರ್ ಮಧ್ಯಾಹ್ನದ ಮೇಲೆ ಕೈಕೊಡುತ್ತದೆ, ಅರ್ಜಿದಾರರು ಕಿಟಕಿಯ ಮುಂದೆ ಕಾಯುತ್ತಿರುತ್ತಾರೆ, ವಿಲೇವಾರಿಯ ಗಡುವು ಅಂದೇ ಮುಗಿಯುತ್ತದೆ. ಹೀಗಿರುವಾಗ ನಿಯಮ ಪಾಲಿಸಿದರೆ ಕೆಲಸ ನಿಲ್ಲುತ್ತದೆ, ಕೆಲಸ ಸಾಗಿಸಿದರೆ ನಿಯಮ ಮುರಿಯುತ್ತದೆ. ಸಹಕಾರಿ ಬ್ಯಾಂಕಿನ ಶಾಖೆಯಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕೆಂಬ ನಿಯಮವಿದ್ದರೂ, ಇಬ್ಬರೇ ಸಿಬ್ಬಂದಿಯಿರುವ ದಿನ ಇಬ್ಬರ ಪಾಸ್‌ವರ್ಡೂ ಒಬ್ಬರ ಬಳಿಯೇ ಸೇರಿಬಿಡುತ್ತದೆ. ಹಗರಣ ನಡೆದ ಮೇಲೆ ಆಪರೇಟರನನ್ನು ಅಮಾನತು ಮಾಡುವುದು ಸುಲಭ. ಸಹಿಯ ಅಧಿಕಾರವನ್ನು ಲಿಖಿತವಾಗಿ ಇನ್ನೊಬ್ಬ ಅಧಿಕಾರಿಗೆ ವಹಿಸುವ, ಸಿಬ್ಬಂದಿ ಕಡಿಮೆಯಿರುವ ದಿನ ದೊಡ್ಡ ಮೊತ್ತದ ಪರಿಶೀಲನೆಯನ್ನು ಮುಖ್ಯ ಕಚೇರಿಯಿಂದ ಮಾಡಿಸುವ ಏರ್ಪಾಡು ಮಾಡುವುದಕ್ಕೆ ಮಾತ್ರ ಆಡಳಿತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಮನುಷ್ಯ ಎಡವಿದರೂ ಕೆಡುಕಾಗದಂತೆ ವ್ಯವಸ್ಥೆಯನ್ನೇ ರೂಪಿಸುವುದು ಇದಕ್ಕಿಂತ ಮುಂದಿನ ಹೆಜ್ಜೆ. ಗೂಗಲ್ 2017ರಿಂದ ತನ್ನ 85,000ಕ್ಕೂ ಹೆಚ್ಚು ಸಿಬ್ಬಂದಿಗೆ ಪಾಸ್‌ವರ್ಡ್ ಜೊತೆಗೆ ಭೌತಿಕ ಭದ್ರತಾ ಕೀಲಿಯನ್ನು ಕಡ್ಡಾಯಗೊಳಿಸಿದ ಮೇಲೆ ಫಿಶಿಂಗ್‌ನಿಂದ ಯಾರ ಖಾತೆಯೂ ಕಳ್ಳರ ವಶವಾಗಿಲ್ಲವೆಂದು ಮರುವರ್ಷ ತಿಳಿಸಿತು. ಆ ಕೀಲಿ ನಕಲಿ ಜಾಲತಾಣಕ್ಕೆ ಸ್ಪಂದಿಸುವುದೇ ಇಲ್ಲ. ಆದ್ದರಿಂದ ಅಸಲಿ ನಕಲಿಗಳನ್ನು ಗುರುತಿಸುವ ಹೊರೆ ಸಿಬ್ಬಂದಿಯ ಕಣ್ಣುಗಳ ಮೇಲೆ ಬೀಳುವುದಿಲ್ಲ.

ಸಾಹೇಬರ ಹೆಸರಿನಲ್ಲಿ

ಭಯ ಮತ್ತು ಅನಾನುಕೂಲದ ಜೊತೆಗೆ, ಭಾರತದ ಕಚೇರಿಗಳಲ್ಲಿ ಇನ್ನೊಂದು ತಡೆ ಇದೆ: ಮೇಲಧಿಕಾರಿಯನ್ನು ಮರುಪ್ರಶ್ನಿಸಲು ಇರುವ ಸಂಕೋಚ. 2022ರ ಸೆಪ್ಟೆಂಬರ್‌ನಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಸಂಸ್ಥೆಯಿಂದ ವಂಚಕರು ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಲಪಟಾಯಿಸಿದ್ದು, ಸಂಸ್ಥೆಯ ಮುಖ್ಯಸ್ಥ ಆದಾರ್ ಪೂನಾವಾಲಾ ಅವರ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ. ಇಂಥ ಸಂದೇಶಗಳಲ್ಲಿ ಮೂರು ಲಕ್ಷಣಗಳು ಸಾಮಾನ್ಯ: ಕೆಲಸ ತುರ್ತಿನದು, ವಿಷಯ ಗೋಪ್ಯವಾದದ್ದು, ಕಳುಹಿಸಿದವರು ಸಭೆಯಲ್ಲಿರುವುದರಿಂದ ಫೋನ್ ಮಾಡಬಾರದು. ಮುಖ್ಯಸ್ಥರಿಗೆ ನೇರವಾಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಉದ್ಧಟತನವೆನಿಸುವ ಕಚೇರಿಯಲ್ಲಿ ವಂಚಕನಿಗೆ ಬೇರೆ ಆಯುಧವೇ ಬೇಡ, ಅವರ ಹೆಸರು ಮತ್ತು ಫೋಟೋ ಸಾಕು.

ಇಂದು ಮುಖ ಮತ್ತು ಧ್ವನಿಯನ್ನೂ ನಕಲು ಮಾಡಬಹುದಾಗಿದೆ. ಬ್ರಿಟನ್ನಿನ ಎಂಜಿನಿಯರಿಂಗ್ ಸಂಸ್ಥೆ ಅರುಪ್‌ನ ಹಾಂಗ್‌ಕಾಂಗ್ ಕಚೇರಿಯ ಸಿಬ್ಬಂದಿಯೊಬ್ಬರು, ಹಿರಿಯ ಅಧಿಕಾರಿಗಳಂತೆಯೇ ಕಾಣುವ ಕೃತಕ ಚಿತ್ರಗಳಿದ್ದ ವಿಡಿಯೋ ಸಭೆಯನ್ನು ನಂಬಿ 15 ಕಂತುಗಳಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದ ಪ್ರಕರಣ 2024ರಲ್ಲಿ ಬೆಳಕಿಗೆ ಬಂದಿತು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಎರಡೂ ಸಾಕ್ಷಿಯಾಗದ ಕಾಲದಲ್ಲಿ ಉಳಿಯುವ ರಕ್ಷಣೆ ಕಾರ್ಯವಿಧಾನದ್ದು: ನಿಗದಿತ ಮೊತ್ತಕ್ಕೆ ಮೀರಿದ ಪಾವತಿ ಯಾರ ಆದೇಶವೇ ಆಗಿರಲಿ ಇಬ್ಬರ ಒಪ್ಪಿಗೆಯಿಲ್ಲದೆ ಹೋಗಕೂಡದು ಮತ್ತು ಸಂದೇಶ ಬಂದ ಸಂಖ್ಯೆಗಲ್ಲದೆ ಕಚೇರಿಯ ದಾಖಲೆಯಲ್ಲಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಈ ವಿಧಾನ ಬದುಕುವುದು ಮುಖ್ಯಸ್ಥರೇ ಅದಕ್ಕೆ ತಲೆಬಾಗಿದಾಗ. ತಾವು ಕಳುಹಿಸಿದ ನಿಜವಾದ ಆದೇಶವನ್ನೇ ಲೆಕ್ಕಪತ್ರ ವಿಭಾಗ ತಡೆದು ಕೇಳಿದಾಗ ಸಿಡುಕುವ ಮುಖ್ಯಸ್ಥರು, ಮುಂದಿನ ಸಲ ಬರುವ ನಕಲಿ ಆದೇಶಕ್ಕೆ ದಾರಿ ಸುಗಮ ಮಾಡಿಕೊಟ್ಟಂತೆ. ಬಿಡದಿಯಲ್ಲೂ ಕಾರ್ಖಾನೆ ಹೊಂದಿರುವ ಟೊಯೋಟಾ ಕಂಪನಿಯ ಉತ್ಪಾದನಾ ಪದ್ಧತಿಯಲ್ಲಿ, ದೋಷ ಕಂಡ ಸಾಮಾನ್ಯ ಕಾರ್ಮಿಕನೂ ಸಂಕೇತ ಕೊಟ್ಟು ಇಡೀ ಜೋಡಣೆಯ ಸಾಲನ್ನೇ ನಿಲ್ಲಿಸಬಹುದು. ಪಾವತಿಯನ್ನು ತಡೆಹಿಡಿಯುವ ಅಂಥದೇ ಅಧಿಕಾರ ಲೆಕ್ಕಪತ್ರದ ಗುಮಾಸ್ತರಿಗೂ ಇರಬೇಕು.

ತರಬೇತಿ ಮತ್ತು ಅಳತೆ

ದೊಡ್ಡ ಕಂಪನಿಗಳಲ್ಲಿ ಸಿಬ್ಬಂದಿಗೆ ಪರೀಕ್ಷಾರ್ಥವಾಗಿ ನಕಲಿ ಫಿಶಿಂಗ್ ಇಮೇಲ್ ಕಳುಹಿಸಿ, ಒತ್ತಿದವರಿಗೆ ಆ ಕ್ಷಣವೇ ಪಾಠದ ಪುಟ ತೋರಿಸುವ ಪದ್ಧತಿ ಬಳಕೆಯಲ್ಲಿದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಸಂಸ್ಥೆಯೊಂದರ 14,000ಕ್ಕೂ ಹೆಚ್ಚು ಸಿಬ್ಬಂದಿಯನ್ನು 15 ತಿಂಗಳ ಕಾಲ ಗಮನಿಸಿ 2021ರಲ್ಲಿ ಹೊರತಂದ ಅಧ್ಯಯನದಲ್ಲಿ, ಈ ಬಗೆಯ ಪಾಠ ಸಿಬ್ಬಂದಿಯನ್ನು ಹೆಚ್ಚು ಎಚ್ಚರಗೊಳಿಸಿದ್ದು ಕಾಣಲಿಲ್ಲ. ಕೆಲವೊಮ್ಮೆ ಅವರು ಇನ್ನಷ್ಟು ಸುಲಭವಾಗಿ ಮೋಸಹೋಗುವಂತೆ ಮಾಡಿರಲೂಬಹುದು ಎಂಬ ಫಲಿತಾಂಶ ದೊರೆಯಿತು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಆಶಾದಾಯಕ. ಅನುಮಾನ ಬಂದ ಇಮೇಲನ್ನು ಒಂದೇ ಗುಂಡಿ ಒತ್ತಿ ತಿಳಿಸುವ ಸೌಲಭ್ಯ ಕೊಟ್ಟಾಗ ಸಿಬ್ಬಂದಿ ತಿಂಗಳುಗಟ್ಟಲೆ ಬೇಸರಿಸದೆ ವರದಿ ಮಾಡುತ್ತಲೇ ಇದ್ದರು, ಹೊಸ ದಾಳಿ ಶುರುವಾದ ಅಲ್ಪ ಸಮಯದಲ್ಲೇ ಮೊದಲ ವರದಿಗಳು ಬರುತ್ತಿದ್ದವು.

ಇದರಿಂದ ಆಡಳಿತಗಳು ಕಲಿಯಬೇಕಾದದ್ದು ಅಳತೆಯ ವಿಷಯದಲ್ಲಿ. ಎಷ್ಟು ಜನ ಲಿಂಕ್ ಒತ್ತಿದರು ಎಂಬ ಲೆಕ್ಕ ಸಿಬ್ಬಂದಿಯನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಎಷ್ಟು ಜನ ತಿಳಿಸಿದರು, ಮೊದಲ ವರದಿ ಎಷ್ಟು ನಿಮಿಷದಲ್ಲಿ ಬಂದಿತು, ಒತ್ತಿದವರ ಪೈಕಿ ಎಷ್ಟು ಮಂದಿ ತಾವಾಗಿಯೇ ಹೇಳಿಕೊಂಡರು ಎಂಬ ಲೆಕ್ಕ ಅದೇ ಸಿಬ್ಬಂದಿಯನ್ನು ಕಾವಲುಗಾರರನ್ನಾಗಿ ಕಾಣುತ್ತದೆ. ವರದಿ ಮಾಡಿದವರಿಗೆ ಉತ್ತರ ಹೋಗುವುದೂ ಅಷ್ಟೇ ಮುಖ್ಯ. ತಿಳಿಸಿದ್ದು ಏನಾಯಿತೆಂದು ಗೊತ್ತೇ ಆಗದಿದ್ದರೆ ಎರಡನೆಯ ಬಾರಿ ತಿಳಿಸುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ.

ಕಾನೂನಿನ ಗಡಿಯಾರ, ಸಣ್ಣ ಸಂಸ್ಥೆಗಳ ಸಾಧ್ಯತೆ

ಭಾರತದ ಕಾನೂನು ಕೂಡ ಈಗ ವೇಗವನ್ನೇ ಕೇಳುತ್ತಿದೆ. ಸೈಬರ್ ಘಟನೆಗಳನ್ನು ನಿಭಾಯಿಸುವ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿಮಾಡಿದ ಬಗೆಯ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಯನ್ನು ಕಾಪಾಡಲು ಸಮಂಜಸ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಸಿಬ್ಬಂದಿ ತಮ್ಮ ತಪ್ಪನ್ನು ಎರಡು ದಿನ ಮುಚ್ಚಿಡುವ ವಾತಾವರಣವಿರುವ ಸಂಸ್ಥೆ ಹೊರಗಿನವರಿಗೆ 6 ಗಂಟೆಯಲ್ಲಿ ಸಮರ್ಪಕವಾಗಿ ವರದಿ ಮಾಡುವುದು ಅಸಾಧ್ಯವಾದ್ದರಿಂದ, ಕಾನೂನು ಪಾಲನೆಯೂ ಕೊನೆಗೆ ಒಳಗಿನ ಸಂಸ್ಕೃತಿಯನ್ನೇ ಅವಲಂಬಿಸುತ್ತದೆ.

ಭದ್ರತಾ ತಂಡ ಇಟ್ಟುಕೊಳ್ಳುವ ಶಕ್ತಿಯಿಲ್ಲದ ಪೀಣ್ಯದ ಸಣ್ಣ ಕೈಗಾರಿಕೆ, ತಾಲ್ಲೂಕು ಕೇಂದ್ರದ ಸೌಹಾರ್ದ ಸಹಕಾರಿ, ನಗರದ ಆಸ್ಪತ್ರೆ ಅಥವಾ ಶಾಲೆಗೆ ಇದೆಲ್ಲ ದೂರದ ಮಾತೆನಿಸಬಹುದಾದರೂ, ಸಿಬ್ಬಂದಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲ ಕಡೆ ಸುದ್ದಿ ಸಾಗುವ ದಾರಿ ಚಿಕ್ಕದಿರುವುದು ಅವುಗಳಿಗೆ ಒದಗಿರುವ ಅನುಕೂಲ. ಅವು ಮಾಡಬಹುದಾದ ಕೆಲಸಗಳು ಇವು: ಅನುಮಾನ ಬಂದರೆ ಯಾರಿಗೆ ಹೇಳಬೇಕೆಂಬ ಒಂದೇ ಹೆಸರು ಮತ್ತು ಸಂಖ್ಯೆ ಎಲ್ಲರಿಗೂ ಗೊತ್ತಿರುವುದು. ಕಚ್ಚಾ ಸಾಮಗ್ರಿ ಪೂರೈಸುವವರು ತಮ್ಮ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಇಮೇಲ್ ಕಳುಹಿಸಿದರೆ ಹಳೆಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದು. ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದು ಮಾಡುವುದು. ದಾಖಲೆಗಳ ಪ್ರತಿಯನ್ನು ಜಾಲದಿಂದ ಬೇರ್ಪಟ್ಟ ಕಡೆ ಇಡುವುದು. ಹಣ ಹೋದದ್ದು ಗೊತ್ತಾದ ಕೂಡಲೇ ಮರ್ಯಾದೆಗೆ ಅಂಜಿ ಕೂರದೆ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡುವುದು. ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಮಾಲೀಕರು ಅಥವಾ ಕಾರ್ಯದರ್ಶಿ ತಾವೇ ಮೊದಲು ಪಾಲಿಸಿ ತೋರಿಸುವ ಮನಸ್ಸು ಬೇಕು.

ತನ್ನ ಸಂಸ್ಥೆಯ ಭದ್ರತಾ ಸಂಸ್ಕೃತಿ ಹೇಗಿದೆಯೆಂದು ಅರಿಯಬಯಸುವ ಆಡಳಿತ ಮಂಡಳಿ, ಕಳೆದ ಆರು ತಿಂಗಳಲ್ಲಿ ಎಷ್ಟು ಜನ ಸಿಬ್ಬಂದಿ ತಾವಾಗಿಯೇ ಬಂದು ತಮ್ಮ ತಪ್ಪನ್ನೋ ಅನುಮಾನವನ್ನೋ ಹೇಳಿಕೊಂಡರು ಮತ್ತು ಹೇಳಿಕೊಂಡ ಮೇಲೆ ಅವರಿಗೆ ಏನಾಯಿತು ಎಂದು ವಿಚಾರಿಸಬಹುದು. ಅಂಥವರು ಯಾರೂ ಇಲ್ಲವೆಂಬ ಉತ್ತರ ಬಂದರೆ ಅದನ್ನು ತಪ್ಪುಗಳೇ ನಡೆದಿಲ್ಲವೆಂಬ ಶುಭವಾರ್ತೆಯಾಗಿ ಸ್ವೀಕರಿಸದೆ, ತಪ್ಪುಗಳನ್ನು ಹೇಳಿಕೊಳ್ಳಲು ಜನ ಅಂಜುತ್ತಿದ್ದಾರೆಂಬ ಸೂಚನೆಯಾಗಿ ಓದುವುದು ಲೇಸು. ಹೊಸ ಸಲಕರಣೆಗೆ ಮುಂದಿನ ವರ್ಷದ ಹಣ ತೆಗೆದಿಡುವ ಮುನ್ನ ಮಂಡಳಿ ಸರಿಪಡಿಸಬೇಕಾದದ್ದು ಆ ಅಂಜಿಕೆಯನ್ನು.